ಆಳಿಗೆ ತಕ್ಕ ಕೆಲಸ, ಕೆಲಸಕ್ಕೆ ತಕ್ಕ ಆಳು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಒಲೆಯ ಮುಂದಿನ ಭಟ್ಟರನ್ನು ಗಲ್ಲಾದಲ್ಲಿ ಕೂರಿಸಿದರೆ ಸಾಂಬಾರೂ ಕೆಡುವುದು, ಲೆಕ್ಕವೂ ಕೆಡುವುದು. ಮಿಲ್ಲಿನಲ್ಲಿಯೂ ಕಡಿದ ನೂಲನ್ನು ಕಣ್ಣೆವೆ ಇಕ್ಕುವಷ್ಟರಲ್ಲಿ ಕೂಡಿಸುವ ಕೈ ಬೇರೆ, ಯಂತ್ರದ ಸದ್ದು ಕೇಳಿಯೇ ಕುಂದು ಹೇಳುವ ಕಿವಿ ಬೇರೆ. ಇಷ್ಟು ತಿಳಿದ ನಾವು ಮಕ್ಕಳ ವಿಷಯದಲ್ಲಿ ಮಾತ್ರ ಇದನ್ನು ಮರೆಯುತ್ತೇವೆ.

ಡಿ.ಬಿ.ಆರ್. ಮಿಲ್ಲು ಮುಚ್ಚಿ ಎಷ್ಟೋ ವರ್ಷಗಳಾದವು. ಈಗ ನಾನಕ್‌ರಾಮ್‌ಗುಡದ ಕಡೆ, ಜನರ ಹಣವನ್ನು ಷೇರು, ಸಾಲಪತ್ರಗಳಲ್ಲಿ ತೊಡಗಿಸುವ ಕಂಪನಿಗಳ ಕಚೇರಿಗಳು ಎದ್ದಿವೆ. "ಬಿ.ಕಾಂ. ಆಯಿತಲ್ಲ, ಅಲ್ಲೆಲ್ಲಾದರೂ ಸೇರಿಕೋ" ಎನ್ನುತ್ತೇವೆ. ಅಲ್ಲೆಲ್ಲಾದರೂ ಎಂದರೆ ಎಲ್ಲಿ?

ಅಲ್ಲಿಯ ಕೆಲಸ ಒಂದಲ್ಲ. ಯಾವ ಷೇರು ಕೊಳ್ಳಬೇಕೆಂದು ಲೆಕ್ಕಪತ್ರಗಳನ್ನು ಓದಿ ತೂಗುವವರಿಗೆ ತಾಳ್ಮೆ ಬೇಕು. ಹತ್ತು ಜನ ಹೌದೆಂದಾಗ ಅಲ್ಲವೆನ್ನುವ ಧೈರ್ಯ ಬೇಕು. ಕೊಳ್ಳುವ, ಮಾರುವ ಆಜ್ಞೆ ನಡೆಸುವವರಿಗೆ ಗಡಿಬಿಡಿಯಲ್ಲಿಯೂ ಕೈ ನಡುಗಬಾರದು. ಕಾಯಿದೆ ನೋಡುವವರು ಯಜಮಾನರಿಗೂ "ಇದು ಕೂಡದು" ಎನ್ನಬೇಕು. ಹಣ ಹಾಕಿದವರ ಹೆಸರು, ಸಹಿ, ಬ್ಯಾಂಕ್ ಖಾತೆಗಳನ್ನು ತಾಳೆ ನೋಡುವವರು ಇನ್ನೊಂದು ಬಗೆ. ಇಲ್ಲಿ ದೊಡ್ಡ ಕಚೇರಿಯುಳ್ಳ ಕೆಫಿನ್ ಟೆಕ್ನಾಲಜೀಸ್ ಸಂಸ್ಥೆ ಮ್ಯೂಚುವಲ್ ಫಂಡುಗಳಿಗೆ ಇಂಥ ದಾಖಲೆಯ ಕೆಲಸ ಮಾಡಿಕೊಡುತ್ತದೆ. ರಾತ್ರಿ ಒಂದು ರೂಪಾಯಿ ತಾಳೆಯಾಗದಿದ್ದರೆ ನಿದ್ದೆ ಬಾರದ ಗಲ್ಲಾದವರ ಗುಣ ಇಲ್ಲಿ ಬೆಲೆಯುಳ್ಳದ್ದು.

ಇನ್ನು ಹಣ ಹಾಕುವವರನ್ನು ಕಂಡು ಮಾತಾಡುವ ಕೆಲಸ. ಇದು ನಮಗೆ ಹೊಸತಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲಿ ಪಡೆಯುತ್ತಿದ್ದ ಏಜೆಂಟನಿಗೆ ಲೆಕ್ಕ ಬಂದರೆ ಸಾಲದು. ಬಿಸಿಲಲ್ಲಿ ನಡೆಯುವ ಕಾಲು, ಮುಖ ಮರೆಯದ ಮನಸ್ಸು, ಶುದ್ಧವಾದ ಕೈ ಬೇಕಿತ್ತು. ಇಂದು ಮ್ಯೂಚುವಲ್ ಫಂಡು ಮಾರುವವರು ಎನ್.ಐ.ಎಸ್.ಎಂ. ಪರೀಕ್ಷೆ ಪಾಸು ಮಾಡಿ ಆಂಫಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಆದರೆ ಪರೀಕ್ಷೆ ಓದನ್ನು ಅಳೆಯುತ್ತದೆ, ಸ್ವಭಾವವನ್ನಲ್ಲ. ಬರಿ ಬಾಯಿ ಜೋರಿದ್ದವನು "ನಷ್ಟವೇ ಇಲ್ಲ" ಎಂದು ಹೇಳಿಬಿಟ್ಟರೆ ಮುಳುಗುವುದು ಯಾರೋ ಸಪ್ಲೈಯರನ ಹತ್ತು ವರ್ಷದ ಉಳಿತಾಯ.

ನಾವೂ ತಪ್ಪಿದ್ದೇವೆ. ಲೆಕ್ಕದಲ್ಲಿ ಚುರುಕಾದ, ಮಾತು ಕಡಿಮೆಯಾದ ಹುಡುಗನೊಬ್ಬನನ್ನು ಮಾರಾಟದ ಕೆಲಸಕ್ಕೆ ಶಿಫಾರಸು ಮಾಡಿದೆವು. ಆರು ತಿಂಗಳಲ್ಲಿ ಬಿಟ್ಟು ಬಂದ. ಮನೆಯವರು "ಕೈಲಾಗದವನು" ಎಂದರು. ಸಂಘದಲ್ಲಿ ನಾವೂ ತಲೆಯಾಡಿಸಿದೆವು. ಮುಂದೆ ಬೇರೆಡೆ ದಾಖಲೆ ತಾಳೆ ನೋಡುವ ಕೆಲಸ ಸಿಕ್ಕಿತು. ಇಂದು ಹೊಸಬರಿಗೆ ಅವನೇ ಕಲಿಸುತ್ತಾನೆ. ಹುಡುಗ ಅವನೇ, ಸ್ಥಳ ಬೇರೆ.

ಆದುದರಿಂದ ಸೇರುವ ಮೊದಲು ಎರಡು ಪ್ರಶ್ನೆ ಕೇಳೋಣ: ದಿನವಿಡೀ ಅಲ್ಲಿ ಮಾಡಬೇಕಾದದ್ದೇನು? ನಮ್ಮ ಮಗುವಿಗೆ ಬೇಸರವಿಲ್ಲದೆ ಮಾಡಲು ಬರುವುದೇನು? ಕೆಲಸ ಕೊಡಿಸುತ್ತೇವೆಂದು ದುಡ್ಡು ಕೇಳುವವರು ಈ ಪ್ರಶ್ನೆ ಕೇಳುವುದಿಲ್ಲ. ಕೇಳಬೇಕಾದವರು ನಾವು.