ಉಗುರಿಗೆ ಸಿಗುವ ಗೀರು

ಕಾರಿನ ಬಾಗಿಲ ಮೇಲೆ ಗೀರು ಕಂಡ ಕೂಡಲೇ ಕೈ ತಾನಾಗಿ ಒರೆಸಲು ಹೋಗುತ್ತದೆ. ಬೇಡ. ಧೂಳಿನ ಸಮೇತ ಒರೆಸಿದರೆ ಒಂದು ಗೀರು ಹತ್ತಾಗುತ್ತದೆ. ಮೊದಲು ತೊಳೆದು, ಒಣಗಿಸಿ, ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡಿ. ಎಲ್ಲೂ ಸಿಕ್ಕದೆ ಜಾರಿದರೆ ಗಾಯ ಮೇಲಿನ ಪಾರದರ್ಶಕ ಪದರದಲ್ಲಷ್ಟೇ ಇದೆ. ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ ಬಹುಮಟ್ಟಿಗೆ ಮಾಯ. ಅತಿಯಾಗಿ ಉಜ್ಜಬಾರದು, ಆ ಪದರದ ದಪ್ಪ ಸುಮಾರು 40 ಮೈಕ್ರಾನ್, ತಲೆಗೂದಲಿಗಿಂತ ತೆಳು.

ಕಲ್ಲು ಸಿಡಿದು ಬಣ್ಣ ಚಕ್ಕೆಯೆದ್ದು ತಗಡು ಕಂಡರೆ ಮಾತು ಬೇರೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ತುಕ್ಕು ನಮ್ಮ ಬಿಡುವಿಗಾಗಿ ಕಾಯುವುದಿಲ್ಲ. ಬಣ್ಣದ ಅಂಚಿನಡಿ ನುಸುಳಿ, ಒಳಗೊಳಗೇ ಹರಡಿ, ಗುಳ್ಳೆಯೆದ್ದ ಮೇಲೆಯೇ ನಮಗೆ ತಿಳಿಯುವುದು. ತುಕ್ಕನ್ನು ಸ್ಯಾಂಡ್ ಪೇಪರ್‌ನಿಂದ ಪೂರ್ತಿ ತೆಗೆದು ಪ್ರೈಮರ್ ಮುಟ್ಟಿಸಿ. ಅದು ಒಣಗಿದ ಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ಬಿಳಿಯಲ್ಲೂ ನೂರು ಬಗೆ. ಕಣ್ಣಳತೆ ನಂಬದೆ ಕಾರಿನ ಬಣ್ಣದ ಕೋಡ್ ನೋಡಿಯೇ ಬಣ್ಣ ತನ್ನಿ. ಅನೇಕ ಕಾರುಗಳಲ್ಲಿ ಅದು ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಅಡಿಯಲ್ಲೋ ಇರುತ್ತದೆ.

ನೆರಳಲ್ಲಿ ಕುಳಿತು, ಸಣ್ಣ ಕುಂಚದ ತುದಿಯಿಂದ, ತೆಳುವಾಗಿ ಮೂರ್ನಾಲ್ಕು ಸಲ ಹಚ್ಚಿ. ಪ್ರತಿ ಪದರವೂ ಒಣಗಬೇಕು. ಮೆಟಾಲಿಕ್ ಬಣ್ಣವಾದರೆ ಹತ್ತಿರದಿಂದ ಕಲೆ ಕಂಡೇ ಕಾಣುತ್ತದೆ. ಕಾಣಲಿ ಬಿಡಿ, ತಗಡಿಗೆ ನೀರು ತಾಗದಿದ್ದರೆ ಸಾಕು. ಜೂನ್ ಮಳೆ ಹಿಡಿಯುವ ಮುನ್ನ ಮುಗಿಸಿಕೊಳ್ಳಿ.