ಫೋನಿನಿಂದ ನಡೆಯುವ ಮನೆಸಾಮಾನು: ಬೇಕೋ, ಬೇಡವೋ?

(ನಮ್ಮ ಸಹಕಾರ ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಸಂಘದ ಸದಸ್ಯರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕಸುಬಲ್ಲ. ಕನಕಗಿರಿ ಭಾಗದ ರೈತರ ಸುಟ್ಟ ಮೋಟಾರುಗಳಿಗೆ ವೈಂಡಿಂಗ್ ಮಾಡುವುದು ನನ್ನ ಕಸುಬು. ಮೂವತ್ತು ವರ್ಷ ತಾಮ್ರದ ತಂತಿ ಸುತ್ತಿದ ಕೈಗೆ ಇವತ್ತು ಮೈಕು ಕೊಟ್ಟಿದ್ದೀರಿ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನನಗೆ ಈ ವಿಷಯ ಕೊಡಲು ಕಾರಣವಿದೆ. ಬೆಳ್ಳಿಹಬ್ಬದ ನೆನಪಿಗೆ ಸದಸ್ಯರಿಗೆ ಗೃಹೋಪಯೋಗಿ ವಸ್ತುಗಳ ಸಾಲ ಕೊಡಬೇಕೆಂಬ ವಿಚಾರ ಮಂಡಳಿಯ ಮುಂದೆ ಇದೆ. ಫ್ರಿಜ್ಜು, ಬಟ್ಟೆ ಒಗೆಯುವ ಮಷಿನ್ನು, ಟಿವಿ, ಫ್ಯಾನು. ಒಳ್ಳೆಯದು. ಆದರೆ ಈಗ ಅಂಗಡಿಗೆ ಹೋದರೆ ಪ್ರತಿಯೊಂದರಲ್ಲೂ ಎರಡು ಜಾತಿ. ಒಂದು ಸಾದಾ. ಇನ್ನೊಂದು ‘ಸ್ಮಾರ್ಟ್’, ಅಂದರೆ ಇಂಟರ್‌ನೆಟ್‌ಗೆ ಕಟ್ಟಿದ್ದು, ಫೋನಿನಿಂದ ನಡೆಯುವಂಥದ್ದು. ಎರಡನೆಯದಕ್ಕೆ ರೊಕ್ಕ ಹೆಚ್ಚು. ಆ ಹೆಚ್ಚಿನ ರೊಕ್ಕಕ್ಕೂ ನಮ್ಮ ಸಂಘ ಸಾಲ ಕೊಡಬೇಕೆ? ಇದು ಪ್ರಶ್ನೆ.

ಒಂದು ತಮಾಷೆಯ ಸಂಗತಿ ಹೇಳುತ್ತೇನೆ. ನಮ್ಮ ಸಂಘ ಹುಟ್ಟಿದ್ದು 2000ದಲ್ಲಿ. ಅದೇ ವರ್ಷ ದಕ್ಷಿಣ ಕೊರಿಯಾದ ಎಲ್‌ಜಿ ಕಂಪನಿ ಇಂಟರ್‌ನೆಟ್ ಫ್ರಿಜ್ಜನ್ನು ಮಾರುಕಟ್ಟೆಗೆ ಬಿಟ್ಟಿತು. ಬಾಗಿಲಿಗೆ ಒಂದು ಪರದೆ, ಪರದೆಯಲ್ಲಿ ಇಂಟರ್‌ನೆಟ್. ಬೆಲೆ ಸುಮಾರು 20 ಸಾವಿರ ಡಾಲರ್. ಆಗ ಡಾಲರಿಗೆ ಸುಮಾರು 45 ರೂಪಾಯಿ ಇತ್ತು, ಲೆಕ್ಕ ಹಾಕಿದರೆ 9 ಲಕ್ಷ! ಕೊಳ್ಳುವವರು ಸಿಗಲಿಲ್ಲ. ಮಜ್ಜಿಗೆ ತಣ್ಣಗಿಡುವ ಪೆಟ್ಟಿಗೆಗೆ ಅಷ್ಟು ರೊಕ್ಕ ಯಾರು ಕೊಟ್ಟಾರು? ಅಂದರೆ ಈ ಜಾಣ ಫ್ರಿಜ್ಜಿಗೂ ಈಗ ಬೆಳ್ಳಿಹಬ್ಬ. ಇಪ್ಪತ್ತೈದು ವರ್ಷದಲ್ಲಿ ನಮ್ಮ ಸಂಘ ಏನು ಮಾಡಿತು ಎಂದು ವರದಿ ಓದಿದೆವು. ಇಪ್ಪತ್ತೈದು ವರ್ಷದಲ್ಲಿ ಆ ಜಾತಿಯ ಸಾಮಾನು ನಮ್ಮಂಥವರ ಮನೆಗೆ ಏನು ಮಾಡಿತು ಎಂಬ ವರದಿಯನ್ನೂ ಕೇಳಬೇಕಲ್ಲ?

ನಾನು ಇಂಟರ್‌ನೆಟ್ ವಿರೋಧಿಯಲ್ಲ. ಅದೇ ಕಾಲದಲ್ಲಿ ನಮ್ಮ ರಾಜ್ಯದಲ್ಲಿ ‘ಭೂಮಿ’ ಯೋಜನೆ ಬಂತು, ಪಹಣಿ ಕಂಪ್ಯೂಟರಿಗೆ ಏರಿತು. ಒಂದು ಪಹಣಿಗೆ ಎಷ್ಟು ಸಲ ಅಲೆದಿದ್ದೇವೆ ಎಂದು ಇಲ್ಲಿರುವ ಹಿರಿಯರಿಗೆ ಗೊತ್ತು. ಆ ಅಲೆದಾಟ ಕಡಿಮೆಯಾಯಿತು. ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡಲು ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಅದೂ ಬೇಕಾದದ್ದೇ. ಲೆಕ್ಕ ಹತ್ತು ಕಣ್ಣಿಗೆ ಕಾಣಬೇಕು. ನನ್ನ ತಕರಾರು ಇಂಟರ್‌ನೆಟ್ ಮೇಲೆ ಅಲ್ಲ. ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂಬುದರ ಮೇಲೆ.

ನನ್ನ ಮನೆಯ ಕಥೆಯನ್ನೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಬಟ್ಟೆ ಒಗೆಯುವ ಮಷಿನ್ನು ತರಲು ಹೋದೆ. ಸಾದಾ ಮಷಿನ್ನಿಗಿಂತ ಫೋನಿನಿಂದ ನಡೆಯುವುದಕ್ಕೆ ಆರು ಸಾವಿರ ಹೆಚ್ಚು. ಅಂಗಡಿಯ ಹುಡುಗ ನನ್ನ ಎದುರಿಗೇ ಫೋನು ಒತ್ತಿ ಮಷಿನ್ನು ತಿರುಗಿಸಿ ತೋರಿಸಿದ. ಮೋಟಾರು ತಿರುಗುವುದನ್ನು ಕಂಡರೆ ನನಗೆ ಮೊದಲೇ ಹುಚ್ಚು, ಮನಸ್ಸು ಕರಗಿತು. ಆರು ಸಾವಿರ ಕಂತಿನಲ್ಲಿ ಸೇರಿಸಿದೆ. ಮನೆಗೆ ತಂದು ನಮ್ಮ ಮನೆಯಾಕೆಗೆ ಹೆಮ್ಮೆಯಿಂದ ತೋರಿಸಿದೆ. ಆಕೆ ಶಾಲೆ ಕಲಿತದ್ದು ಐದನೆಯ ಇಯತ್ತೆ. ಪೂರಾ ಕೇಳಿ ಒಂದೇ ಮಾತು ಅಂದಳು:

“ಅರಿವಿ ಹಾಕಾಕ ನಾನ ಅಲ್ಲಿ ನಿಂತಿರ್ತೀನಿ. ಪುಡಿ ಹಾಕಾಕೂ ನಾನ ಬೇಕು. ನಳ ತಿರುವಾಕೂ ನಾನ ಬೇಕು. ಗುಂಡಿ ಒತ್ತಾಕ ಮಾತ್ರ ಫೋನ್ ಯಾಕ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಬಂದ ಹೊತ್ತಿಗೆ ಕೊಡ ತುಂಬಬೇಕು, ಬಟ್ಟೆಯೂ ಆಗಲೇ ಆಗಬೇಕು. ನೀರು ಯಾವಾಗ ಬರುತ್ತದೆಂದು ಆ ಮಷಿನ್ನಿಗೆ ಗೊತ್ತಿಲ್ಲ, ನಮ್ಮ ಮನೆಯಾಕೆಗೆ ಗೊತ್ತಿದೆ. ಮೊದಲ ವಾರ ಮೂರು ಸಲ ಫೋನಿನಿಂದ ನಡೆಸಿದೆ, ಅದೂ ಬೀಗರಿಗೆ ತೋರಿಸಲು. ಆಮೇಲೆ ಇಲ್ಲ. ಮಷಿನ್ನು ಇವತ್ತಿಗೂ ಚೆನ್ನಾಗಿ ಒಗೆಯುತ್ತದೆ. ಆದರೆ ಆ ಆರು ಸಾವಿರ ಒಗೆದ ನೀರಿನ ಜೊತೆ ಗಟಾರಕ್ಕೆ ಹೋಯಿತು.

ಇನ್ನೊಂದು ಪ್ರಸಂಗ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. “ಅಪ್ಪಾ, ನಿಮ್ಮಿಬ್ಬರದೂ ವಯಸ್ಸಾತು, ನಾ ಇಲ್ಲಿಂದ ನೋಡಿಕೊಂತ ಇರ್ತೀನಿ” ಎಂದು ಪಡಸಾಲೆಗೆ ಒಂದು ಕ್ಯಾಮೆರಾ ಹಾಕಿಸಿದ. ಅವನ ಪ್ರೀತಿಯನ್ನು ನಾನು ಹಗುರ ಮಾಡುವುದಿಲ್ಲ. ಒಂದು ದಿನ ನಾವಿಬ್ಬರೂ ಮದುವೆಗೆಂದು ಹೋಗಿದ್ದೆವು, ಗದ್ದಲದಲ್ಲಿ ಫೋನು ಕೇಳಿಸಲಿಲ್ಲ. ಊರಲ್ಲಿ ಕರೆಂಟು ಹೋಯಿತು, ಕ್ಯಾಮೆರಾ ಕಣ್ಣು ಮುಚ್ಚಿತು. ರಾತ್ರಿ ಹನ್ನೊಂದಕ್ಕೆ ಮಗ ಗಾಬರಿಯಾಗಿ ನೆರೆಮನೆಗೆ ಫೋನು ಹಚ್ಚಿದ. ನೆರೆಮನೆಯ ಹುಡುಗ ಬ್ಯಾಟರಿ ಹಿಡಿದು ಬಂದು ಬಾಗಿಲ ಕೀಲಿ ನೋಡಿ, “ಅಣ್ಣಾ, ಕಾಕಾ ಕಾಕವ್ವ ಮದುವಿಗೆ ಹೋಗ್ಯಾರ, ಮುಂಜಾನೆ ನನಗ ಹೇಳೇ ಹೋಗ್ಯಾರ” ಎಂದ. ಅವತ್ತು ಮಗನ ಹೆದರಿಕೆ ಹುಟ್ಟಿಸಿದ್ದು ಕ್ಯಾಮೆರಾ, ಹೆದರಿಕೆ ಕಳೆದದ್ದು ನೆರೆಮನೆ. ಈಗ ಮಗ ದಿನಾ ಸಂಜೆ ಫೋನು ಮಾಡುತ್ತಾನೆ. ಅವನ ತಾಯಿಗೆ ಅದೇ ಬೇಕಾಗಿತ್ತು.

ಹಾಗಾದರೆ ಇಂಥ ಯಂತ್ರ ಎಲ್ಲಿಯೂ ಉಪಯೋಗವಿಲ್ಲವೆ? ಇದೆ. ಅದನ್ನು ನನ್ನ ಅಂಗಡಿಯಲ್ಲೇ ಕಂಡಿದ್ದೇನೆ.

ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ಇದೆ. ನಮ್ಮ ಕನಕಗಿರಿ ಕಡೆ ಬಹುತೇಕ ಕೊಳವೆಬಾವಿಯೇ ಗತಿ. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ದಿನಕ್ಕೆ 7 ತಾಸು ಎಂಬುದು ಲೆಕ್ಕ. ಅದು ಹಗಲೂ ಬರಬಹುದು, ನಡುರಾತ್ರಿಯೂ ಬರಬಹುದು. ಮೊದಲು ಏನಾಗುತ್ತಿತ್ತು? ರೈತ ಕತ್ತಲಲ್ಲಿ ಎದ್ದು, ಬ್ಯಾಟರಿ ಹಿಡಿದು, ಎರಡು ಮೂರು ಕಿಲೋಮೀಟರು ಹೊಲಕ್ಕೆ ನಡೆಯಬೇಕು. ಹಾವು, ಚೇಳು, ಹಸಿ ನೆಲದಲ್ಲಿ ನಿಂತು ಮುಟ್ಟುವ ಸ್ಟಾರ್ಟರು. ಹೋಗಿ ನೋಡಿದರೆ ಕರೆಂಟು ಹೋಗಿರುತ್ತಿತ್ತು.

ಇದಕ್ಕೆ ಬೇಸತ್ತು ಬಹಳ ಮಂದಿ ‘ಆಟೋ’ ಹಾಕಿಸಿಕೊಂಡರು. ಕರೆಂಟು ಬಂದ ಕೂಡಲೆ ಮೋಟಾರು ತಾನೇ ಚಾಲೂ. ಆದರೆ ಕರೆಂಟು ಬಂದಾಗ ಸುತ್ತಲಿನ ಎಲ್ಲ ಮೋಟಾರು ಒಮ್ಮೆಲೆ ಎದ್ದರೆ ಟ್ರಾನ್ಸ್‌ಫಾರ್ಮರಿನ ಗತಿ ಏನು? ಬೆಳೆಗೆ ನೀರು ಬೇಕೋ ಬೇಡವೋ ನೋಡುವವರಿಲ್ಲ. ಬಾವಿಯಲ್ಲಿ ನೀರಿಲ್ಲದಿದ್ದರೂ ಮೋಟಾರು ಒಣ ತಿರುಗುತ್ತದೆ, ಸುಟ್ಟು ನನ್ನ ಅಂಗಡಿಗೆ ಬರುತ್ತದೆ. ನನಗೆ ಲಾಭ, ನಿಮಗೆ ನಷ್ಟ.

ಆಮೇಲೆ ಬಂತು ಮೊಬೈಲ್ ಸ್ಟಾರ್ಟರು. ಡಬ್ಬಿಯೊಳಗೆ ಒಂದು ಸಿಮ್ಮು. ಮನೆಯಿಂದ ಫೋನು ಹಚ್ಚಿದರೆ ಮೋಟಾರು ಚಾಲೂ, ಮತ್ತೆ ಹಚ್ಚಿದರೆ ಬಂದ್. ಒಳ್ಳೆಯ ಡಬ್ಬಿಯಾದರೆ ಮೂರೂ ಫೇಸ್ ಇದೆಯೋ ಇಲ್ಲವೋ ಹೇಳುತ್ತದೆ. ಒಂದು ಫೇಸ್ ಹೋದರೆ, ನೀರು ತಪ್ಪಿದರೆ ಮೋಟಾರು ನಿಲ್ಲಿಸುತ್ತದೆ. ಅಂಥ ಡಬ್ಬಿ ಕೂಡಿಸಿದ ಗಿರಾಕಿಗಳ ಮೋಟಾರು ನನ್ನ ಅಂಗಡಿಗೆ ಬರುವುದು ಕಡಿಮೆಯಾಗಿದೆ. ನನ್ನ ಹೊಟ್ಟೆಯ ಮೇಲೆ ಹೊಡೆದ ಯಂತ್ರವನ್ನು ನಾನೇ ಹೊಗಳುತ್ತಿದ್ದೇನೆ, ನಂಬಿರಿ. ಇದು ಹಾವಿನ ದಾರಿಯ ರಾತ್ರಿ ನಡಿಗೆ ಉಳಿಸಿತು.

ಆದರೂ ಒಂದು ಎಚ್ಚರಿಕೆ. ಒಂದು ಬೇಸಿಗೆಯಲ್ಲಿ ಹಿರಿಯ ರೈತರೊಬ್ಬರು ಡಬ್ಬಿಯನ್ನೇ ಬಿಚ್ಚಿ ಟವೆಲಿನಲ್ಲಿ ಕಟ್ಟಿಕೊಂಡು ಬಂದರು. “ತಮ್ಮಾ, ಇದರ ಬಾಯಿ ಬಿದ್ದೈತಿ, ಎಷ್ಟ ಕರದ್ರೂ ಓಗೊಡವಲ್ದು” ಎಂದರು. ತೆಗೆದು ನೋಡಿದೆ. ಡಬ್ಬಿಗೆ ಏನೂ ಆಗಿರಲಿಲ್ಲ. ಸಿಮ್ಮಿನ ರೀಚಾರ್ಜು ಮುಗಿದಿತ್ತು! ಮೂರು ದಿನ ಅವರ ಬೆಳೆ ನೀರಿಲ್ಲದೆ ನಿಂತಿತ್ತು. ಕೈಯಿಂದ ಒತ್ತುವ ಗುಂಡಿ ಅದರಲ್ಲೇ ಇತ್ತು, ಯಾರೂ ಅವರಿಗೆ ತೋರಿಸಿರಲಿಲ್ಲ. ಮಾರುವವನು ಫೋನಿನ ಗುಂಡಿ ತೋರಿಸುತ್ತಾನೆ, ಕೈಗುಂಡಿ ತೋರಿಸುವುದಿಲ್ಲ.

ಈ ಎರಡು ಕಥೆಯನ್ನು ತಕ್ಕಡಿಯಲ್ಲಿಟ್ಟು ನೋಡಿ. ಮೋಟಾರು ದೂರ, ದಾರಿ ಕೆಟ್ಟದ್ದು, ಹೊತ್ತು ಕೆಟ್ಟದ್ದು. ಅಲ್ಲಿ ಫೋನು ಬೇಕು. ಬಟ್ಟೆ ಮಷಿನ್ನು ಕೈ ಚಾಚಿದರೆ ಸಿಗುತ್ತದೆ. ಅಲ್ಲಿ ಫೋನು ಬೇಡ. ನಾನು ಕಂಡುಕೊಂಡ ಸೂತ್ರ ಇಷ್ಟೇ: ಯಾವ ಸಾಮಾನು ಕೊಳ್ಳುವಾಗಲೂ “ಇದು ಯಾವ ನಡಿಗೆ ಉಳಸ್ತೈತಿ?” ಎಂದು ಕೇಳಬೇಕು.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿಯೂ ಆಗಿದ್ದು ಇದೇ. 1991ರಲ್ಲಿ ಅಲ್ಲಿಯ ಕಂಪ್ಯೂಟರ್ ವಿಭಾಗದಲ್ಲಿ ಕಾಫಿ ಪಾತ್ರೆ ಒಂದು ಕೋಣೆಯಲ್ಲಿ, ಕುಡಿಯುವವರು ಬೇರೆ ಬೇರೆ ಕೋಣೆಗಳಲ್ಲಿ. ಮೆಟ್ಟಿಲಿಳಿದು ಬಂದರೆ ಪಾತ್ರೆ ಖಾಲಿ. ಅದಕ್ಕೆ ಪಾತ್ರೆಯ ಮುಂದೆ ಒಂದು ಕ್ಯಾಮೆರಾ ಇಟ್ಟು, ಕೂತಲ್ಲಿಂದಲೇ ಕಾಫಿ ಇದೆಯೋ ಇಲ್ಲವೋ ನೋಡಿಕೊಂಡರು. 1993ರಲ್ಲಿ ಅದನ್ನು ಇಂಟರ್‌ನೆಟ್‌ಗೂ ಹಾಕಿದರು, ಜಗತ್ತೇ ನೋಡಿತು. ಅವರು ಉಳಿಸಿಕೊಂಡಿದ್ದೂ ಒಂದು ನಡಿಗೆಯನ್ನೇ. ಹಾಸಿಗೆ ಹಿಡಿದವರಿಗೆ, ಕಾಲಿಲ್ಲದವರಿಗೆ ಫ್ಯಾನಿನ ಗುಂಡಿಯೂ ಹೊಲದಷ್ಟೇ ದೂರ. ಅಂಥವರ ಮನೆಯಲ್ಲಿ ಫೋನಿನಿಂದ ತಿರುಗುವ ಫ್ಯಾನು ದೊಡ್ಡ ಉಪಕಾರ. ಅವರಿಗೆ ಸಂಘ ಮೊದಲು ಸಾಲ ಕೊಡಲಿ. ಉಳಿದ ನಮಗೆ ಹತ್ತು ಹೆಜ್ಜೆ ನಡೆದರೆ ಸಕ್ಕರೆ ಕಾಯಿಲೆಗಾದರೂ ಒಳ್ಳೆಯದು.

ಇನ್ನು ಇಂಥ ಸಾಮಾನಿನ ಒಡೆಯ ಯಾರು ಎಂಬುದನ್ನೂ ನೋಡಬೇಕು. ಅಮೆರಿಕದಲ್ಲಿ ‘ರಿವಾಲ್ವ್’ ಎಂಬ ಡಬ್ಬಿ ಇತ್ತು. ಮನೆಯ ದೀಪ, ಬೀಗ ಎಲ್ಲವನ್ನೂ ಫೋನಿನಿಂದ ನಡೆಸುವ ಡಬ್ಬಿ, ಬೆಲೆ 300 ಡಾಲರ್. ಆ ಕಂಪನಿಯನ್ನು ಗೂಗಲ್ಲಿಗೆ ಸೇರಿದ ‘ನೆಸ್ಟ್’ ಕೊಂಡಿತು. 2016ರ ಮೇ ತಿಂಗಳಲ್ಲಿ ಅದರ ಸೇವೆ ನಿಲ್ಲಿಸಿತು. ಜನರ ಮನೆಯಲ್ಲಿ ಕೆಡದೆ ಕೂತಿದ್ದ ಡಬ್ಬಿಗಳು ಒಂದೇ ಏಟಿಗೆ ಸತ್ತವು. 2025ರ ಅಕ್ಟೋಬರ್ 20ರಂದು ಅಮೆಜಾನ್ ಕಂಪನಿಯ ದೊಡ್ಡ ಕಂಪ್ಯೂಟರುಗಳು ಕೈಕೊಟ್ಟಾಗ, ಅಲ್ಲಿ ಕೆಲವರ ಇಂಟರ್‌ನೆಟ್ ಹಾಸಿಗೆಗಳೇ ಹಾದಿ ತಪ್ಪಿದವು. ಕಾವು ಏರಿದ್ದು ಇಳಿಯಲಿಲ್ಲ, ಎತ್ತಿದ ತಲೆದೆಸೆ ಕೆಳಗೆ ಬರಲಿಲ್ಲ. ನಮ್ಮ ಕೌದಿಗೆ ಇಂಥ ರೋಗವಿಲ್ಲ!

ಕಾರ್ಖಾನೆ ಕೊಟ್ಟ ಪಾಸ್‌ವರ್ಡು ಬದಲಿಸದೆ ಬಿಟ್ಟ ಕ್ಯಾಮೆರಾ ಎಂದರೆ ಕೀಲಿಯನ್ನು ಬಾಗಿಲಲ್ಲೇ ಬಿಟ್ಟಂತೆ. 2016ರ ಅಕ್ಟೋಬರಿನಲ್ಲಿ ಅಂಥ ಮನೆ ಕ್ಯಾಮೆರಾಗಳನ್ನು ಕಳ್ಳರು ಲೆಕ್ಕವಿಲ್ಲದಷ್ಟು ಹಿಡಿದು, ಅವುಗಳಿಂದಲೇ ದಾಳಿ ಮಾಡಿಸಿ, ಅಮೆರಿಕದ ದೊಡ್ಡ ದೊಡ್ಡ ಇಂಟರ್‌ನೆಟ್ ಸೇವೆಗಳನ್ನು ತಾಸುಗಟ್ಟಲೆ ನಿಲ್ಲಿಸಿದರು. ಕ್ಯಾಮೆರಾ ಹಾಕಿಸಿದವರು ಇವತ್ತೇ ಮನೆಗೆ ಹೋಗಿ ಪಾಸ್‌ವರ್ಡು ಬದಲಿಸಿರಿ.

ಕರೆಂಟಿನ ಲೆಕ್ಕವನ್ನೂ ಹೇಳಬೇಕು, ಅದು ನನ್ನ ಕಸುಬು. ಮನೆಯ ವೈಫೈ ಡಬ್ಬಿ 10 ವ್ಯಾಟ್ ಎಂದು ಹಿಡಿಯಿರಿ. ಹಗಲು ರಾತ್ರಿ ಉರಿದರೆ ತಿಂಗಳಿಗೆ 7 ಯೂನಿಟ್ಟು. ಗೃಹಜ್ಯೋತಿಯಲ್ಲಿ 200 ಯೂನಿಟ್ಟಿನವರೆಗೆ ಉಚಿತ ಎನ್ನುತ್ತೇವೆ. ಆದರೆ ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿ ನೋಡಿ ಮಿತಿ ಕಟ್ಟಿದ್ದಾರೆ, ಮಿತಿ ದಾಟಿದ್ದಕ್ಕೆ ಬಿಲ್ಲು ಬರುತ್ತದೆ. ಸಣ್ಣ ಮನೆಗೆ 7 ಯೂನಿಟ್ಟೂ ದೊಡ್ಡದೇ. ಅದೇ ಹಳೆಯ 75 ವ್ಯಾಟಿನ ಫ್ಯಾನು ತೆಗೆದು ಬಿಎಲ್‌ಡಿಸಿ ಎಂಬ 30 ವ್ಯಾಟಿನ ಫ್ಯಾನು ಹಾಕಿದರೆ, ದಿನಕ್ಕೆ 15 ತಾಸು ತಿರುಗಿದರೂ ತಿಂಗಳಿಗೆ 20 ಯೂನಿಟ್ಟು ಉಳಿತಾಯ. ಅದಕ್ಕೆ ಇಂಟರ್‌ನೆಟ್ ಬೇಡ. ಒಳಗಿನ ಮೋಟಾರೇ ಜಾಣ. ಜಾಣತನ ಹೊಟ್ಟೆಯೊಳಗಿರಬೇಕು, ಬಾಗಿಲ ಮೇಲಿನ ಪರದೆಯಲ್ಲಲ್ಲ.

ಮಾನ್ಯರೆ, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ್ದು ರೈತ ಸಾಲದ ಸುಳಿಯಲ್ಲಿ ಮುಳುಗಬಾರದೆಂದು. ಆ ಹಾದಿಯಲ್ಲಿ ಬಂದ ನಮ್ಮ ಸಂಘ ಮನೆಸಾಮಾನಿಗೆ ಸಾಲ ಕೊಡಲಿ, ತಾಯಂದಿರ ಬೆನ್ನು ನೋವು ಇಳಿಸುವ ಮಷಿನ್ನಿಗೆ ಕೊಡಲಿ. ಆದರೆ ಸಾದಾ ಸಾಮಾನಿನ ಬೆಲೆಯಷ್ಟೇ ಕೊಡಲಿ. ಮೇಲಿನದು ಬೇಕಾದವರು ಕೈಯಿಂದ ಹಾಕಿಕೊಳ್ಳಲಿ. ಅರ್ಜಿಯ ಹಿಂದೆ ನಾಲ್ಕು ಪ್ರಶ್ನೆ ಅಚ್ಚು ಹಾಕಿಸಿರಿ ಎಂದು ಮಂಡಳಿಗೆ ನನ್ನ ಬಿನ್ನಹ:

ಇದು ಯಾವ ನಡಿಗೆ ಉಳಿಸುತ್ತದೆ?
ಇಂಟರ್‌ನೆಟ್ ಹೋದರೆ ಕೈಗುಂಡಿಯಿಂದ ನಡೆಯುತ್ತದೆಯೆ?
ಕೆಟ್ಟರೆ ಕನಕಗಿರಿಯಲ್ಲೋ ಗಂಗಾವತಿಯಲ್ಲೋ ರಿಪೇರಿ ಮಾಡುವವರಿದ್ದಾರೆಯೆ?
ಕೊಂಡ ಮೇಲೆ ತಿಂಗಳು ತಿಂಗಳು ಏನಾದರೂ ಕಟ್ಟಬೇಕೆ?

ನಾಲ್ಕಕ್ಕೂ ಸರಿ ಉತ್ತರ ಬಂದರೆ ಧಾರಾಳವಾಗಿ ಕೊಳ್ಳಿರಿ. ಹೊಲದ ಸ್ಟಾರ್ಟರಿಗೆ ಬಂದಾವು. ನನ್ನ ಬಟ್ಟೆ ಮಷಿನ್ನಿಗೆ ಮೊದಲನೆಯದರಲ್ಲೇ ಬರಲಿಲ್ಲ.

‘ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಣ್ಣಿದೆ, ಕಾಲಿದೆ. ಅವು ಇರುವಲ್ಲಿ ಅವನ್ನೇ ಬಳಸೋಣ. ಅವು ಮುಟ್ಟದ ಕಡೆ ಯಂತ್ರವನ್ನು ಕರೆಯೋಣ.

ನನ್ನ ಆರು ಸಾವಿರದ ಪಾಠವನ್ನು ನಿಮಗೆ ಪುಕ್ಕಟೆ ಕೊಟ್ಟಿದ್ದೇನೆ.