ಅಪ್ಪನ ಫಿಯೆಟ್: ಉಳಿಸುವುದೋ, ಬಿಚ್ಚುವುದೋ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಯಾವುದೇ ಹಳೆಯ ಸೊಸೈಟಿಯ ಕಾಂಪೌಂಡಿಗೆ ಹೋಗಿ ನೋಡಿ. ನೀರಿನ ಟ್ಯಾಂಕಿನ ಪಕ್ಕದಲ್ಲಿ ತಾಡಪಾಲು ಹೊದ್ದ ಕಾರೊಂದು ನಿಂತಿರುತ್ತದೆ. ಟಯರುಗಳಲ್ಲಿ ಗಾಳಿ ಇಲ್ಲ. ಬಾನೆಟ್ಟಿನ ಮೇಲೆ ಬೆಕ್ಕಿನ ಸಂಸಾರ. ಡೊಂಬಿವಲಿ ಪೂರ್ವದ ನಮ್ಮ ಸೊಸೈಟಿಯಲ್ಲಿ ಹಾಗೆ ನಿಂತಿದ್ದ ಕಾರು ನಮ್ಮದೇ. 1974ರ ಪ್ರೀಮಿಯರ್ ಪದ್ಮಿನಿ. ನಮ್ಮೆಲ್ಲರ ಬಾಯಲ್ಲಿ ಫಿಯೆಟ್.

ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಮೂರು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು ಎಂದು ನೋಟಿಸು ಬಂತು. ಪಾತ್ರೆ, ಪುಸ್ತಕ, ದೇವರ ಮಂಟಪ ಎಲ್ಲಕ್ಕೂ ಬಾಡಿಗೆ ಮನೆಯಲ್ಲಿ ಹೇಗೋ ಜಾಗ ಮಾಡಬಹುದು. ಕಾರಿಗೆ? ಇಂಥ ನೋಟಿಸು ನಿಮ್ಮಲ್ಲಿ ಹಲವರಿಗೂ ಬಂದಿರಬಹುದು, ಇಲ್ಲವೇ ನಾಳೆ ಬರಬಹುದು. ಅದಕ್ಕಾಗಿಯೇ ಈ ಮಾತು.

ಮೊದಲು ಕಾರಿನ ಜಾತಕ. ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕುರ್ಲಾದ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ ಕಾರುಗಳನ್ನು ತಯಾರಿಸಿತು. 1964ರಲ್ಲಿ ಬಂದ 1100 ಡಿಲೈಟ್ ಮಾದರಿಗೇ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. 1089 ಸಿಸಿಯ ಪೆಟ್ರೋಲ್ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲಿ ಗೇರಿನ ಕೋಲು. ಅದೇ ಕಂಪನಿ ತೊಂಬತ್ತರ ದಶಕದಲ್ಲಿ ನಮ್ಮ ಡೊಂಬಿವಲಿಯ ಕಾರ್ಖಾನೆಯಲ್ಲಿ ಪ್ಯೂಜೊ 309 ಕಾರನ್ನೂ ತಯಾರಿಸಿದ್ದನ್ನು ಹಳಬರು ಮರೆತಿಲ್ಲ. ಮುಂಬಯಿಯ ಕಾಲಿ-ಪೀಲಿ ಟ್ಯಾಕ್ಸಿಯೆಂದರೆ ಪದ್ಮಿನಿಯೇ ಆಗಿತ್ತು. ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ವಯೋಮಿತಿ ಇದ್ದುದರಿಂದ 2023ರ ಅಕ್ಟೋಬರ್ 30ಕ್ಕೆ ಅದರ ಓಟ ಮುಗಿಯಿತು.

ಅಪ್ಪ ಈ ಕಾರನ್ನು 1984ರಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡರು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. 1991ರಲ್ಲಿ ಲೋಕಲ್ ಹತ್ತುವಾಗ ಬಿದ್ದು ಅವರ ಎಡಭುಜದ ಮೂಳೆ ಮುರಿಯಿತು. ಕೂಡಿಕೊಂಡರೂ ಕೈ ಎದೆಯ ಮಟ್ಟಕ್ಕೆ ಏಳಲಿಲ್ಲ. ಸ್ಟಿಯರಿಂಗ್ ಪಕ್ಕದ ಗೇರು ಹಾಕುವುದು ಆಗದ ಮಾತಾಯಿತು. ಕಲ್ಯಾಣದ ಮೆಕ್ಯಾನಿಕ್ ಒಬ್ಬರು ಉಪಾಯ ಮಾಡಿದರು. ಅದೇ ಕಂಪನಿಯ 118 ಎನ್‌ಇ ಕಾರಿನ ಎಂಜಿನ್ ಮತ್ತು ಗೇರ್‌ಬಾಕ್ಸ್ ತಂದು, ಪದ್ಮಿನಿಯ ನೆಲದ ತಗಡು ಕತ್ತರಿಸಿ, ಗೇರನ್ನು ಸೀಟಿನ ಪಕ್ಕಕ್ಕೆ ತಂದರು. ಆ ಎಂಜಿನ್ ನಿಸ್ಸಾನ್ ಮೂಲದ್ದು, 1171 ಸಿಸಿ. ಹಳೆಯ ಎಂಜಿನ್, ಗೇರ್‌ಬಾಕ್ಸ್, ಗೇರಿನ ಕೋಲು ಗೋಣಿಯಲ್ಲಿ ಸುತ್ತಿಕೊಂಡು ಊರಿನಿಂದ ಬಂದ ಅಕ್ಕಿ ಮೂಟೆಗಳ ಹಾಗೆ ನಮ್ಮ ಸ್ಟೋರ್‌ರೂಮು ಸೇರಿದವು. ಆಮೇಲೆ ಹದಿನೈದು ವರ್ಷ ಅಪ್ಪ ಆ ಕಾರನ್ನು ಓಡಿಸಿದರು. ಎರಡು ಸಲ ಉಡುಪಿಗೂ ಹೋಗಿ ಬಂದರು.

ನೋಟಿಸು ಬಂದ ವಾರ ಠಾಣೆಯಿಂದ ಸೋದರಮಾವ ಬಂದರು. “ಐವತ್ತು ವರ್ಷ ದಾಟಿದೆ ಮಾರಾಯ! ವಿಂಟೇಜ್ ನಂಬರು ಸಿಗುತ್ತದೆ. ಬಿಚ್ಚುವ ಮಾತು ಆಡಬೇಡ” ಎಂದರು. ಅಂದೇ ಸಂಜೆ ಗುಜರಿಯವರು ಬಂದು, “ಸೇಠ್, ತೂಕದ ಮೇಲೆ ಕೊಟ್ಟುಬಿಡಿ” ಎಂದರು. ನನಗೆ ಎರಡೂ ಮಾತು ರುಚಿಸಲಿಲ್ಲ. ಕಾಗದ ಪತ್ರ ತೆಗೆದು ಕುಳಿತೆ.

ಮಾವನ ಮಾತು ಅರ್ಧ ಸರಿ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಖಾಸಗಿ ಕಾರಿಗೆ 20,000 ರೂಪಾಯಿ ಶುಲ್ಕದಲ್ಲಿ ಹತ್ತು ವರ್ಷದ ನೋಂದಣಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ. ಆದರೆ ಎರಡು ಷರತ್ತು. ಆ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥವಕ್ಕೆ ಮಾತ್ರ. ಎರಡನೆಯದು, ಕಾರು ಮೂಲರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಅಪ್ಪನ ಭುಜಕ್ಕಾಗಿ ಮಾಡಿದ ಬದಲಾವಣೆಯೇ ಇಲ್ಲಿ ಅಡ್ಡಬಂತು.

ಹಾಗಾದರೆ ಸಾಮಾನ್ಯ ಕಾರಾಗಿಯೇ ಇಟ್ಟುಕೊಳ್ಳೋಣವೆಂದರೆ, ಆರ್‌ಸಿ ಪುಸ್ತಕದಲ್ಲಿ ಹಳೆಯ ಎಂಜಿನ್ ನಂಬರೇ ಇದೆ. ಅಪ್ಪ ಬದಲಾವಣೆಯನ್ನು ನಮೂದಿಸಿರಲಿಲ್ಲ. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಮೇಲಾಗಿ, 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ಶುಲ್ಕ ನಿಗದಿಯಾಯಿತು.

ಉಳಿದದ್ದು ಒಂದೇ ದಾರಿ. ಹಳೆಯ ಎಂಜಿನನ್ನು ಮತ್ತೆ ಕೂರಿಸುವುದು. ಅದಕ್ಕೆ ಮೊದಲು ಬಾಡಿ ಗಟ್ಟಿ ಇದೆಯೇ ಎಂದು ನೋಡಬೇಕು. ಕಲ್ಯಾಣದ ಅದೇ ಗ್ಯಾರೇಜಿನಿಂದ ಆ ಮೆಕ್ಯಾನಿಕ್‌ನ ಮಗ ಬಂದ. ಒಂದು ಅಯಸ್ಕಾಂತ, ಒಂದು ಸ್ಕ್ರೂ ಡ್ರೈವರ್, ಒಂದು ಟಾರ್ಚು, ಅಷ್ಟೇ ಅವನ ಸಾಮಾನು. ಇದನ್ನು ನೀವೂ ಮಾಡಿ ನೋಡಬಹುದು. ಅಯಸ್ಕಾಂತ ಹಿಡಿಯದ ಕಡೆ ಬಣ್ಣದಡಿ ತಗಡಿಲ್ಲ, ಪುಟ್ಟಿ ಇದೆ. ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ನೆಲ, ಜ್ಯಾಕ್ ಹಚ್ಚುವ ಜಾಗ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಇವನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ ನೋಡಬೇಕು. ಪದ್ಮಿನಿಗೆ ಜೀಪಿನ ಹಾಗೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ಬಾಡಿಯೇ ಅದರ ಬೆನ್ನೆಲುಬು. ನಮ್ಮ ಕಾರಿನ ನಾಲ್ಕು ಕಡೆಯೂ ಸ್ಕ್ರೂ ಡ್ರೈವರ್ ಹಪ್ಪಳಕ್ಕೆ ಚುಚ್ಚಿದಂತೆ ಒಳಗೆ ಹೋಯಿತು.

“ಮಾಡಬಹುದು ಅಂಕಲ್. ಆದರೆ ನೆಲ ಹೊಸದು, ಪಟ್ಟಿ ಹೊಸದು, ಅರ್ಧ ಬಾಡಿ ಹೊಸದು. ಆಮೇಲೆ ಇದು ನಿಮ್ಮ ಅಪ್ಪನ ಕಾರೇ?” ಎಂದು ಆ ಹುಡುಗ ಕೇಳಿದ. ಅವನು ಹೇಳಿದ ಖರ್ಚು ನನ್ನ ಒಂದು ವರ್ಷದ ಪೆನ್ಷನ್ನಿಗಿಂತ ಹೆಚ್ಚು.

ರಾತ್ರಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮನಿಗೀಗ ಎಂಬತ್ತಾರು. “ಅಪ್ಪ ಕಾರನ್ನು ಪೂಜೆ ಮಾಡಿದವರಲ್ಲ ಮಗಾ, ಓಡಿಸಿದವರು. ಓಡುವುದಾದರೆ ಇಟ್ಟುಕೋ. ನಿಲ್ಲಿಸಿಡುವುದಕ್ಕಾದರೆ ಬೇಡ” ಎಂದರು. ಮಾವನಿಗೆ ನಾನು ಹೇಳಬೇಕಾದ ಉತ್ತರ ಅಲ್ಲೇ ಸಿಕ್ಕಿತು.

ನೆರೂಲಿನಲ್ಲಿ ಒಬ್ಬರ ಬಳಿ ಅದೇ ಕಾಲದ ಪದ್ಮಿನಿ ಇತ್ತು. ಬಾಡಿ ಗಟ್ಟಿ, ಎಂಜಿನ್ ಬ್ಲಾಕು ಸೀಳಿತ್ತು. ನಮ್ಮ ಸ್ಟೋರ್‌ರೂಮಿನ ಎಂಜಿನ್, ಗೇರ್‌ಬಾಕ್ಸ್, ಗೇರಿನ ಕೋಲು ಎಲ್ಲವೂ ಅವರ ಮನೆಗೆ ಹೋದವು. ಎಂಜಿನ್ ನಂಬರು ಬರೆದು, ಸಹಿ ಮಾಡಿದ ಮಾರಾಟ ಪತ್ರ ಕೊಟ್ಟೆ. ಅವರು ಆರ್‌ಟಿಒ ಅನುಮತಿ ಪಡೆದು ತಮ್ಮ ಪುಸ್ತಕದಲ್ಲಿ ಅದನ್ನು ನಮೂದಿಸಿಕೊಂಡರು. ಬಾಡಿಯನ್ನು ಗುಜರಿಯವರಿಗೆ ಕೊಡಲಿಲ್ಲ. ಸರಕಾರದಲ್ಲಿ ನೋಂದಾಯಿತ ವಾಹನ ಸ್ಕ್ರ್ಯಾಪ್ ಕೇಂದ್ರಕ್ಕೆ ಕಳಿಸಿ, ಪ್ರಮಾಣಪತ್ರ ಪಡೆದು, ನೋಂದಣಿ ರದ್ದು ಮಾಡಿಸಿದೆ.

ಬಂಧುಗಳೇ, ಈ ಕೊನೆಯ ಕೆಲಸವನ್ನು ದಯವಿಟ್ಟು ಬಿಡಬೇಡಿ. ನೋಂದಣಿ ರದ್ದಾಗದ ಕಾರು ಕಾಗದದಲ್ಲಿ ನಿಮ್ಮ ಹೆಸರಿನಲ್ಲೇ ಬದುಕಿರುತ್ತದೆ. ಅದರ ನಂಬರು ಬೇರೆ ಯಾವುದೋ ಗಾಡಿಯ ಮೇಲೆ ಕುಳಿತರೆ ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ. ಹಾಗೆಯೇ ಕಾರಿಗೆ ಕೈ ಹಚ್ಚುವ ಮೊದಲೇ ಆ ಕೇಂದ್ರದವರೊಡನೆ ಮಾತನಾಡಿ, ಯಾವ ಭಾಗ ಇಟ್ಟುಕೊಳ್ಳಬಹುದು ಎಂದು ಕೇಳಿಕೊಳ್ಳಿ.

ನಿಮ್ಮ ಮನೆಯ ಕಾರಿನ ಕತೆ ಬೇರೆ ಇರಬಹುದು. ಬಾಡಿ ಗಟ್ಟಿಯಾಗಿದ್ದು, ತೆಗೆದ ಭಾಗಗಳು ಮನೆಯಲ್ಲೇ ಇದ್ದು, ಮಳೆ ತಾಗದ ಜಾಗವೂ ಇದ್ದರೆ ಖಂಡಿತ ಉಳಿಸಿ. ಪದ್ಮಿನಿಗಳು ದಿನೇ ದಿನೇ ಕಡಿಮೆಯಾಗುತ್ತಿವೆ. ಆದರೆ ತಾಡಪಾಲಿನಡಿ ತುಕ್ಕು ಹಿಡಿಯಲು ಬಿಟ್ಟು, “ಉಳಿಸಿದ್ದೇವೆ” ಎಂದುಕೊಳ್ಳುವುದು ಬೇಡ. ಅದು ಉಳಿಸಿದಂತಲ್ಲ, ನಿರ್ಧಾರವನ್ನು ಮಕ್ಕಳ ತಲೆಗೆ ಕಟ್ಟಿದಂತೆ.

ಕಳೆದ ದೀಪಾವಳಿಗೆ ನೆರೂಲಿನವರು ಆ ಕಾರನ್ನು ನಮ್ಮ ಬಾಡಿಗೆ ಮನೆಯ ಮುಂದೆ ತಂದು ನಿಲ್ಲಿಸಿದರು. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಡೊಂಬಿವಲಿ ಸ್ಟೇಷನ್‌ವರೆಗೆ ಒಂದು ಸುತ್ತು ಹೊಡೆಸಿದರು. ಇಳಿದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: “ಚೆನ್ನಾಗಿ ಓಡುತ್ತದೆ. ಆದರೆ ಗೇರು ಮೇಲಿದೆ. ಅಪ್ಪನಿಗೆ ಕಷ್ಟವಾಗುತ್ತಿತ್ತು.”